ಊಡ್ನಡಾಟಾದ ಮರುಮಾರ್ಗ

ಸಂಸ್ಕೃತಪಾಠವನ್ನು ಹೇಳಿ ಜೀವನ ಸಾಗಿಸಿದ ನಮ್ಮಂತಹವರಿಗೆ ಮರುಭೂಮಿಯು ಪುಸ್ತಕದ ಮೂಲಕ ಪರಿಚಿತವಾದ ವಸ್ತು. 'ಮೃ' ಎಂಬ ಧಾತುವಿಗೆ ಸಾಯುವುದೆಂದು ಅರ್ಥ; ಪ್ರಾಣಿಗಳು ಎಲ್ಲಿ ಸಾಯುವುವೋ ಅದು 'ಮರು'ವೆಂದು ಕೋಶಗಳು ವ್ಯುತ್ಪತ್ತಿಯನ್ನು ಹೇಳುತ್ತವೆ. ಬಿಸಿಲಿನಲ್ಲಿ ನೀರಿನಂತೆ ತೋರಿ ಜಿಂಕೆಗಳನ್ನು ವಂಚಿಸುವ ಮೃಗತೃಷ್ಣೆಯನ್ನು ನಾವು ಮೂವತ್ತು ವರುಷ ಮಕ್ಕಳಿಗೆ ವಿವರಿಸಿದೆವು. ಸಂಸಾರಸುಖಕ್ಕೆ ಅದು ಹೇಗೆ ಉಪಮಾನವಾಗುವುದೆಂಬುದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆವು. ಆದರೆ ಧಾರವಾಡದ ಕಡೆಯ ಎರೆಹೊಲಗಳನ್ನೂ ಮಲೆನಾಡಿನ ಸೆರಗಿನ ಕಾಡನ್ನೂ ಬಿಟ್ಟು ನಿಜವಾದ ಮರುಭೂಮಿಯನ್ನು ಕಂಡವರಲ್ಲ. ಅರುವತ್ತರ ಸಮೀಪದಲ್ಲಿ ಅದನ್ನು ಕಣ್ಣಾರೆ ಕಾಣುವ ಯೋಗವೂ, ಕಲಿಸಿದ ಪಾಠವನ್ನು ನಾವೇ ಮೊದಲಿನಿಂದ ಕಲಿಯಬೇಕಾದ ಪ್ರಸಂಗವೂ ಒಟ್ಟಿಗೆ ಒದಗಿ ಬಂದವು. ಆ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ಮಗನು ದಕ್ಷಿಣ ಆಸ್ಟ್ರೇಲಿಯಾ ಪ್ರಾಂತದ ರಾಜಧಾನಿಯಾದ ಅಡಿಲೇಡ್ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಒತ್ತಾಯಕ್ಕೆ ಕಟ್ಟುಬಿದ್ದು ನಾವೂ ನಮ್ಮ ಗೃಹಿಣಿಯೂ ಅಲ್ಲಿಗೆ ಹೋಗಿ ಮೂರು ತಿಂಗಳು ಇದ್ದೆವು. ಅಲ್ಲಿ ಜುಲೈ ತಿಂಗಳು ಚಳಿಗಾಲ. ಆ ಕಾಲದಲ್ಲಿ ಮಾತ್ರ ಒಳನಾಡಿನ ಸಂಚಾರವು ಸುಖಕರವೆಂದೂ, ಒಂದು ವಾರದ ರಜೆಯಲ್ಲಿ ನಮಗೆ ಊಡ್ನಡಾಟಾ ಮಾರ್ಗವನ್ನು ತೋರಿಸುವೆನೆಂದೂ ಅವನು ಹೇಳಿದನು. ಆ ಹೆಸರು ನಮ್ಮ ಕಿವಿಗೆ ಮೊದಲು 'ದತ್ತ' ಎಂದು ಕೊನೆಗೊಳ್ಳುವ ಯಾವುದೋ ಸಮಾಸಪದದಂತೆ ಕೇಳಿಸಿತು. ವಿಗ್ರಹವಾಕ್ಯ ಹೇಳಲು ಹೊರಟೆವು; ಮಗನು ನಕ್ಕು ಭೂಪಟವನ್ನು ಬಿಚ್ಚಿದನು.

ಮಾರ್ಗವು ಮರೀ ಎಂಬ ಗ್ರಾಮದಲ್ಲಿ ಆರಂಭವಾಗಿ, ವಿಲಿಯಂ ಕ್ರೀಕ್, ಊಡ್ನಡಾಟಾ ಎಂಬ ಎರಡು ಸಣ್ಣ ಜನವಸತಿಗಳನ್ನು ಹಾದು, ವಾಯವ್ಯದಲ್ಲಿ ಮಾರ್ಲಾ ಎಂಬಲ್ಲಿ ಡಾಂಬರು ಹೆದ್ದಾರಿಯನ್ನು ಕೂಡುತ್ತದೆ. ಉದ್ದ ಸುಮಾರು 620 ಕಿಲೋಮೀಟರು. ಇಷ್ಟು ದೂರವೂ ಮಣ್ಣುಕಲ್ಲುಗಳ ಹಾದಿ. ಒಂದು ವಸತಿಗೂ ಇನ್ನೊಂದಕ್ಕೂ ನಡುವೆ ಸುಮಾರು 200 ಕಿಲೋಮೀಟರಿನ ಅಂತರ. ಅಷ್ಟರಲ್ಲಿ ಎಣ್ಣೆ ಸಿಕ್ಕದು, ಅಂಗಡಿಯಿಲ್ಲ, ಕೈಯಲ್ಲಿರುವ ಮೊಬೈಲು ಮೂಕವಾಗುವುದು. ಮಳೆ ಬಿದ್ದರೆ ಹಾದಿ ಕೆಸರಾಗಿ ದಿನಗಟ್ಟಲೆ ಮುಚ್ಚಲ್ಪಡುತ್ತದೆ. ಮುಚ್ಚಿದ ಹಾದಿಯಲ್ಲಿ ಬಂಡಿ ಹೊಡೆದವರಿಗೆ ದಂಡವುಂಟು.

ಮಗನು ಯುದ್ಧಕ್ಕೆ ಹೊರಡುವವನಂತೆ ಸನ್ನಾಹ ಮಾಡಿದನು. ತಲೆಗೆ ದಿನಕ್ಕೆ ಹತ್ತು ಲೀಟರಿನಂತೆ ಕುಡಿಯುವ ನೀರು, ಹೆಚ್ಚಿನ ಎಣ್ಣೆಯ ಡಬ್ಬಗಳು, ಎರಡು ಬದಲಿ ಚಕ್ರಗಳು, ಅಪಾಯದಲ್ಲಿ ಉಪಗ್ರಹದ ಮೂಲಕ ಕೂಗುವ ಅಂಗೈಯಗಲದ ಒಂದು ಯಂತ್ರ. ಸೊಸೆಯು ಕಟಕ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಕಟ್ಟಿದಳು. ಈ ಸಾಮಾನಿನ ನಡುವೆ ನಮ್ಮ ಹಾಸಿಗೆಯ ಸುರುಳಿಗೆ ಸ್ಥಳವಿರಲಿಲ್ಲ. "ಒಂದು ಬಂಡಿಗೆ ನಾಲ್ಕು ಚಕ್ರ, ಅದರ ಮೇಲೆ ಒಂದು ಹೆಚ್ಚಿನದು ಸಾಲದೆ? ಎರಡು ಏತಕ್ಕೆ?" ಎಂದು ನಾವು ಆಕ್ಷೇಪಿಸಿದೆವು. ಮಗನು ಎರಡು ಬಾರಿ ಬೇಡವೆಂದನು. ಮೂರನೆಯ ಬಾರಿ ಹಿರಿಯರ ಮಾತನ್ನು ಮೀರಲಾರದೆ ಎರಡನೆಯ ಬದಲಿ ಚಕ್ರವನ್ನು ಇಳಿಸಿ ಮನೆಯ ಷೆಡ್ಡಿನಲ್ಲಿಟ್ಟನು. ಹಾಸಿಗೆ ಏರಿತು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಅಡಿಲೇಡಿನಿಂದ ಏಳುನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರ ಉತ್ತರಕ್ಕೆ ನಡೆದು ಎರಡನೆಯ ದಿನ ಮರೀ ಗ್ರಾಮವನ್ನು ಸೇರಿದೆವು. ಒಂದು ಕಲ್ಲಿನ ಉಪಾಹಾರಗೃಹ, ಕೆಲವು ಮನೆಗಳು, ಹಳಿಯ ಮೇಲೆ ತುಕ್ಕು ಹಿಡಿದು ನಿಂತ ಹಳೆಯ ಎಂಜಿನುಗಳು, ಮಣ್ಣಿನ ಗೋಡೆಗೆ ಹುಲ್ಲಿನ ಚಾವಣಿ ಹೊದಿಸಿದ ಒಂದು ಪುಟ್ಟ ಕಟ್ಟಡ. ಆ ಕಟ್ಟಡವು ಮಸೀದಿಯೆಂದು ತಿಳಿದು ನಮಗೆ ಆಶ್ಚರ್ಯವಾಯಿತು. ಈಗಿರುವುದು ಹಿಂದಿನದರ ಪ್ರತಿಕೃತಿ. ಮೂಲದ್ದು ಆಸ್ಟ್ರೇಲಿಯಾದ ಮೊದಲ ಮಸೀದಿಗಳಲ್ಲಿ ಒಂದು.

ಅದರ ಕಥೆ ಹೀಗಿದೆ. ಕುದುರೆಯೂ ಎತ್ತೂ ಬದುಕಲಾರದ ಆ ಒಳನಾಡಿಗೆ ಸಾಮಾನು ಸಾಗಿಸಲು ಒಂಟೆಗಳೇ ಬೇಕೆಂದು ಕಂಡುಕೊಂಡ ವರ್ತಕರು 1866ರಲ್ಲಿ ಕರಾಚಿಯಿಂದ 120ಕ್ಕೂ ಹೆಚ್ಚು ಒಂಟೆಗಳನ್ನು ಹಡಗಿನಲ್ಲಿ ತರಿಸಿದರು. ಅವುಗಳೊಡನೆ ಅವನ್ನು ಬಲ್ಲ ಜನರೂ ಬಂದರು. ಮುಂದೆ ಬಂದವರೆಲ್ಲರಿಗೂ 'ಆಫ್ಘನ'ರೆಂದೇ ಹೆಸರಾಯಿತು. ನಿಜದಲ್ಲಿ ಸಿಂಧ್, ಪಂಜಾಬ, ಬಲೂಚಿಸ್ತಾನಗಳವರೂ ಅವರಲ್ಲಿ ಅನೇಕರಿದ್ದರು. ಆಗ ಕರಾಚಿಯೂ ನಮ್ಮ ಧಾರವಾಡ ಬಿಜಾಪುರಗಳೂ ಒಂದೇ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದವೆಂಬುದು ನೆನಪಿಗೆ ಬಂದು, ಆ ಮಣ್ಣಿನ ಗೋಡೆಯ ಮುಂದೆ ನಿಂತ ನಮಗೆ ಆ ಜನರು ತೀರ ಪರಕೀಯರೆಂದು ತೋರಲಿಲ್ಲ. ಮೂರು ತಲೆಮಾರು ಅವರು ಆ ನಾಡಿಗೆ ಹಿಟ್ಟು, ಚಹ, ತಂತಿಯ ಸುರುಳಿ, ಕಬ್ಬಿಣದ ಹಳಿ ಎಲ್ಲವನ್ನೂ ಹೊತ್ತು ಕೊಟ್ಟರು. ಆದರೂ ಮರೀ ಊರನ್ನು ರೈಲು ಹಳಿಯು ಎರಡಾಗಿ ಸೀಳಿತ್ತು: ಒಂದು ಬದಿಗೆ ಬಿಳಿಯರು, ಇನ್ನೊಂದು ಬದಿಗೆ ಒಂಟೆಯವರೂ ಮೂಲನಿವಾಸಿಗಳೂ. ಮೋಟಾರು ಲಾರಿಗಳು ಬಂದ ಮೇಲೆ ಒಂಟೆಗಳಿಗೆ ಕೆಲಸವಿಲ್ಲದಾಗಿ, 1925ರಲ್ಲಿ ಅಲೆಯುವ ಒಂಟೆಗಳನ್ನು ಕೊಲ್ಲಲು ಅವಕಾಶ ಕೊಡುವ ಶಾಸನವೂ ಆಯಿತು. ಅನೇಕ ಒಡೆಯರು ಕೊಲ್ಲಲಾರದೆ ಅವನ್ನು ಕಾಡಿಗೆ ಬಿಟ್ಟರು. ಅವರ ಹೆಸರಿನ ತುಣುಕಾದ 'ಘಾನ್' ಎಂಬುದು ಇಂದಿಗೂ ಅಡಿಲೇಡಿನಿಂದ ಉತ್ತರಕ್ಕೆ ಹೋಗುವ ರೈಲಿಗೆ ಉಳಿದಿದೆ.

ಮರೀ ದಾಟಿದೊಡನೆ ಮಣ್ಣುಹಾದಿ ಮೊದಲಾಯಿತು. ಮಗನು ಚಕ್ರಗಳ ಗಾಳಿಯನ್ನು ಸ್ವಲ್ಪ ಇಳಿಸಿದನು. ಮೆತ್ತಗಾದ ಚಕ್ರವು ಕಲ್ಲಿನ ಅಲಗನ್ನು ತಡೆದುಕೊಳ್ಳುವುದಂತೆ. ಹಾದಿಯು ಒಮ್ಮೆ ನುಣುಪು, ಮರುಕ್ಷಣವೇ ಯಾರೋ ನೇಗಿಲು ಹಿಡಿದು ಅಡ್ಡಲಾಗಿ ಉತ್ತಂತೆ ಸಾಲುಸಾಲು. ಓಡುವ ಚಕ್ರಗಳು ಸಡಿಲ ಮಣ್ಣಿನ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ಈ ಸಾಲುಗಳನ್ನು ತಾವೇ ಮಾಡುತ್ತವೆ. ಅವುಗಳ ಮೇಲೆ ಬಂಡಿಯು ಗಡಗಡನೆ ನಡುಗುವಾಗ ಮಾತನಾಡಿದರೆ ನಾಲಗೆ ಕಚ್ಚಿಕೊಳ್ಳುವುದು ಖಂಡಿತ. ಇನ್ನು ಕೆಲವೆಡೆ ಗುಂಡಿಗಳು ಹಿಟ್ಟಿನಷ್ಟು ನುಣ್ಣನೆಯ ಧೂಳಿನಿಂದ ತುಂಬಿ ಸಮತಲದಂತೆ ತೋರುತ್ತವೆ. ಚಕ್ರವಿಳಿದ ಮೇಲೆಯೇ ಆಳವು ತಿಳಿಯುವುದು. ಎರಡೂ ಕಡೆಗೆ ಗಾಳಿಯು ಉಜ್ಜಿ ಹೊಳಪೇರಿಸಿದ ಕೆಂಗಲ್ಲುಗಳ ಬಯಲು, ದಿಗಂತದವರೆಗೆ. ಮರವಿಲ್ಲ, ಮನೆಯಿಲ್ಲ. ಕುರಿಗಳನ್ನು ಡಿಂಗೋ ಎಂಬ ಕಾಡುನಾಯಿಗಳಿಂದ ಕಾಯಲು ಕಟ್ಟಿದ, 5,000 ಕಿಲೋಮೀಟರಿಗೂ ಉದ್ದವಾದ ಬೇಲಿಯು ಒಂದೆಡೆ ಹಾದಿಯನ್ನು ಅಡ್ಡಹಾಯಿತು. ಅದೊಂದೇ ಮನುಷ್ಯನ ಗುರುತು.

ಮಧ್ಯಾಹ್ನದ ಹೊತ್ತಿಗೆ ಬಲಗಡೆಯಲ್ಲಿ ಬೆಳ್ಳಗೆ ಹೊಳೆಯುವ ಒಂದು ಮಹಾವಿಸ್ತಾರವು ಕಂಡಿತು. ಅದು ಮೂಲನಿವಾಸಿಗಳು ಕಾಟಿ ತಂಡಾ ಎನ್ನುವ, ಬಿಳಿಯರು ಐರ್ ಎಂದು ಹೆಸರಿಟ್ಟ ಸರೋವರದ ದಕ್ಷಿಣಭಾಗ. ಆಸ್ಟ್ರೇಲಿಯಾದ ಅತ್ಯಂತ ತಗ್ಗಿನ ನೆಲವು ಈ ಸರೋವರದಲ್ಲಿದೆ; ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರು ಕೆಳಗೆ. ಆ ಖಂಡದ ಆರರಲ್ಲೊಂದು ಪಾಲಿನ ನೆಲದ ನೀರು ಇತ್ತ ಇಳಿಯಬೇಕಾದರೂ ಬಹುಪಾಲು ದಾರಿಯಲ್ಲಿಯೇ ಇಂಗಿಹೋಗುತ್ತದೆ. 1974ರಲ್ಲಿ ಸರೋವರವು ತುಂಬಿತ್ತು. ನಾವು ಕಂಡಾಗ ಬರಿಯ ಉಪ್ಪು. ನಮ್ಮ ಗೃಹಿಣಿಯು ಒಂದು ಹರಳನ್ನು ನಾಲಗೆಗೆ ಮುಟ್ಟಿಸಿ, "ಸಾರಿಗೆ ಆದೀತು" ಎಂದಳು.

ಅಲ್ಲಿಂದ ಮುಂದೆ ಹೋದಂತೆ ಈ ಪ್ರವಾಸದ ಅತಿ ಮುಖ್ಯವಾದ ವಿಷಯವು ಎದುರಾಯಿತು. ಹಾದಿಯಿಂದ ಸ್ವಲ್ಪ ಒಳಗೆ, ಒಣ ಬಯಲಿನ ನಡುವೆ ಒಂದು ದಿಬ್ಬ. ಅದರ ನೆತ್ತಿಯಲ್ಲಿ ತಿಳಿನೀರಿನ ಕೊಳ. ಅಂಚಿನಲ್ಲಿ ಹಸುರು ಜೊಂಡು. ಕೊಳದ ತಳದ ಮರಳು ಕುದಿಯುವ ಎಸರಿನಂತೆ ಗುಳುಗುಳು ಎದ್ದು ಇಳಿಯುತ್ತಿತ್ತು. ಇದಕ್ಕೆ 'ಗುಳ್ಳೆಯೇಳಿಸುವುದು' ಎಂಬ ಅರ್ಥದ ಇಂಗ್ಲಿಷ್ ಹೆಸರಾದ ಬಬ್ಲರ್ ಎಂದು ಕರೆಯುತ್ತಾರೆ. ಆಸ್ಟ್ರೇಲಿಯಾದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲದ ಕೆಳಗೆ, ಸುಮಾರು 17 ಲಕ್ಷ ಚದರ ಕಿಲೋಮೀಟರು ಹರಡಿಕೊಂಡ ಒಂದು ಜಲರಾಶಿಯಿದೆ. ದೂರದ ಪೂರ್ವದ ಬೆಟ್ಟಗಳಲ್ಲಿ ಬಿದ್ದ ಮಳೆಯು ಮರಳುಗಲ್ಲಿನ ಪದರಿನೊಳಗೆ ಇಂಗಿ, ಲಕ್ಷಾಂತರ ವರುಷ ಕತ್ತಲೆಯಲ್ಲಿ ಮೆಲ್ಲಮೆಲ್ಲನೆ ಪಡುವಣಕ್ಕೆ ನಡೆದು, ಇಲ್ಲಿ ಬಿರುಕು ಸಿಕ್ಕೊಡನೆ ತನ್ನ ಒತ್ತಡದಿಂದಲೇ ಮೇಲೆ ಬರುತ್ತದೆ. ನೀರಿನಲ್ಲಿ ಕರಗಿದ ಖನಿಜಗಳೂ ಗಾಳಿ ತಂದ ಮರಳೂ ಕೂಡಿ ಗಟ್ಟಿಯಾಗಿ ದಿಬ್ಬವನ್ನು ಕಟ್ಟುತ್ತವೆ. ಮರುವೆಂಬ ಶಬ್ದದ ವ್ಯುತ್ಪತ್ತಿಯನ್ನು ಹೇಳಿದ ಕೋಶಕಾರರು ಈ ಸ್ಥಳಕ್ಕೆ ಬಂದವರಲ್ಲವೆಂದು ನಮಗೆ ಆಗ ತೋರಿತು.

ಈ ನೆಲದ ಒಡೆಯರು ಅರಬಾನಾ ಎಂಬ ಮೂಲನಿವಾಸಿಗಳು. ಅವರ ಪುರಾಣದಲ್ಲಿ ಈ ಗುಳ್ಳೆಗಳು ಹತವಾದ ಮಹಾಸರ್ಪವೊಂದರ ಒದ್ದಾಟ; ಹತ್ತಿರದ ಗುಡ್ಡವು ಅದರ ತಲೆ. 'ವಬ್ಮಾ ಕಡರ್ಬು' ಎಂದರೆ ಸರ್ಪದ ತಲೆ. ಆ ಕಾದಿಟ್ಟ ಪ್ರದೇಶಕ್ಕೆ ಇಂದು ಅದೇ ಹೆಸರು. 2012ರಲ್ಲಿ ಆ ದೇಶದ ನ್ಯಾಯಾಲಯವು ಈ ಸೀಮೆಯಲ್ಲಿ ಅರಬಾನರ ಮೂಲಹಕ್ಕನ್ನು ಅಂಗೀಕರಿಸಿತು.

ಭೂಪಟವನ್ನು ಮತ್ತೆ ಬಿಚ್ಚಿ ನೋಡಿದಾಗ ಹಾದಿಯ ಡೊಂಕುಗಳ ಅರ್ಥವು ತಿಳಿಯಿತು. ಬುಗ್ಗೆಗಳು ಬಿಲ್ಲಿನಂತೆ ಬಾಗಿದ ಸಾಲಿನಲ್ಲಿವೆ. ಹಾದಿಯೂ ಹಾಗೆಯೇ ಬಾಗಿದೆ. ಮೊದಲು ಮೂಲನಿವಾಸಿಗಳು ಒಂದು ಬುಗ್ಗೆಯಿಂದ ಇನ್ನೊಂದಕ್ಕೆ ನಡೆದು ಕಾವಿಮಣ್ಣು ಮೊದಲಾದುವನ್ನು ವಿನಿಮಯಮಾಡಿಕೊಂಡರು. 1859ರಲ್ಲಿ ಜಾನ್ ಮ್ಯಾಕ್‌ಡೌಲ್ ಸ್ಟುವರ್ಟ್ ಎಂಬ ಅನ್ವೇಷಕನು ಇದೇ ಬುಗ್ಗೆಗಳನ್ನು ನಂಬಿ ಉತ್ತರಕ್ಕೆ ನಡೆದನು. 1862ರಲ್ಲಿ ಖಂಡವನ್ನು ದಾಟಿ ಉತ್ತರಸಮುದ್ರವನ್ನು ಮುಟ್ಟಿದನು. ಅವನ ಹೆಜ್ಜೆಯ ಮೇಲೆ ಚಾರ್ಲ್ಸ್ ಟಾಡ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ 1870ರಿಂದ 1872ರೊಳಗಾಗಿ ಸುಮಾರು 3,200 ಕಿಲೋಮೀಟರಿನ ತಂತಿಕಂಬಗಳು ನಿಂತುವು. ಲಂಡನ್ನಿನಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ತಡೆದು ಬರುತ್ತಿದ್ದ ವಾರ್ತೆಯು ಗಂಟೆಗಳಲ್ಲಿ ಬರತೊಡಗಿತು. ಆಮೇಲೆ ಧೂಮಶಕಟವು ಬಂದಿತು. ಉಗಿಯ ಎಂಜಿನಿಗೂ ನೀರು ಬೇಕಷ್ಟೆ. 1891ರಲ್ಲಿ ಹಳಿಯು ಊಡ್ನಡಾಟಾವನ್ನೂ 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣವನ್ನೂ ಸೇರಿತು. ನೆರೆಗೆ ಹಳಿಗಳು ಕೊಚ್ಚಿಹೋಗುತ್ತಿದ್ದುದರಿಂದ ಪಡುವಣಕ್ಕೆ ಹೊಸ ಹಳಿ ಹಾಕಿ 1980ರಲ್ಲಿ ಹಳೆಯದನ್ನು ಬಿಟ್ಟರು. ಕಾಲುದಾರಿ, ತಂತಿ, ರೈಲು, ಮೋಟಾರು: ಇಷ್ಟೂ ನೀರನ್ನೇ ಹಿಂಬಾಲಿಸಿದುವು.

ಆ ನೀರೂ ಅಕ್ಷಯವಾದುದಲ್ಲ. ದನಕರುಗಳಿಗಾಗಿ ಬಿಳಿಯರು ನೂರಾರು ಕೊಳವೆ ಬಾವಿಗಳನ್ನು ಕೊರೆದು, ಮುಚ್ಚಳವಿಲ್ಲದೆ ಹಗಲಿರುಳು ಹರಿಯಬಿಟ್ಟಿದ್ದರಿಂದ ಒತ್ತಡ ಕುಗ್ಗಿ, ಹಲವು ಬುಗ್ಗೆಗಳು ಬತ್ತಿದುವು. ಅನಂತರ ಸರಕಾರದವರು ಅಂತಹ ಬಾವಿಗಳಿಗೆ ಮುಚ್ಚಳ ಹಾಕುವ ಕೆಲಸವನ್ನು ಕೈಕೊಂಡರು. ಇದನ್ನು ಕೇಳಿದಾಗ ನಮ್ಮೂರ ಸುತ್ತಲಿನ ಕೊಳವೆ ಬಾವಿಗಳು ವರುಷಕ್ಕೆ ವರುಷ ಆಳಕ್ಕಿಳಿಯುವುದು ನೆನಪಾಗಿ ನಾವು ಸುಮ್ಮನಾದೆವು.

ಆ ರಾತ್ರಿ ಕವರ್ಡ್ ಸ್ಪ್ರಿಂಗ್ಸ್ ಎಂಬ ಹಳೆಯ ರೈಲುನಿಲುಗಡೆಯ ಬಳಿ ಖರ್ಜೂರದ ಮರಗಳ ಮಗ್ಗುಲಲ್ಲಿ ಡೇರೆ ಹಾಕಿ, ಮೈಕೊರೆಯುವ ಚಳಿಯಲ್ಲಿ ಮಲಗಿದೆವು. ಹಾಸಿಗೆಯು ಬಹಳ ಬೆಚ್ಚಗಿತ್ತು. ನಮ್ಮ ಹಟವು ಸಾರ್ಥಕವಾಯಿತೆಂದುಕೊಂಡೆವು.

ಮರುದಿನ ವಿಲಿಯಂ ಕ್ರೀಕಿನಲ್ಲಿ ಎಣ್ಣೆ ತುಂಬಿಸಿಕೊಂಡೆವು. ಹತ್ತಾರು ಜನರ ಆ ವಸತಿಯ ಸುತ್ತಲೂ ಇರುವುದು ಜಗತ್ತಿನ ಅತಿ ದೊಡ್ಡ ದನಗಾವಲುಗಳಲ್ಲಿ ಮೊದಲನೆಯದೆನಿಸಿದ ಆನಾ ಕ್ರೀಕ್; ನಮ್ಮ ಕೊಡಗು ಜಿಲ್ಲೆಯ ಮೂರರಷ್ಟಕ್ಕಿಂತ ವಿಸ್ತಾರವಾದುದು. ಅಲ್ಲಿ ಕೇಳಿದ ಒಂದು ದುರಂತವನ್ನು ಮರೆಯಲಾರೆವು. 1998ರ ಡಿಸೆಂಬರಿನ ಬೇಸಗೆಯಲ್ಲಿ ಆಸ್ಟ್ರಿಯಾ ದೇಶದ ಇಬ್ಬರು ಪ್ರವಾಸಿಗರ ಬಂಡಿಯು ಸರೋವರದ ದಡದ ಮರಳಿನಲ್ಲಿ ಹೂತಿತು. ಸಹಾಯ ತರುವೆನೆಂದು ಅವರಲ್ಲಿ ತರುಣಿಯು ವಿಲಿಯಂ ಕ್ರೀಕಿನ ಕಡೆಗೆ ನಡೆದು ದಾರಿಯಲ್ಲಿ ಬಿಸಿಲಿಗೆ ಬಲಿಯಾದಳು. ನೀರಿದ್ದ ಸ್ಥಳದಲ್ಲಿ ಬಂಡಿಯ ಬಳಿ ಉಳಿದ ಜೊತೆಗಾರನು ಬದುಕಿದನು. "ಬಂಡಿಯನ್ನು ಬಿಟ್ಟು ನಡೆಯಬೇಡಿರಿ" ಎಂಬುದೇ ಆ ಸೀಮೆಯ ಪ್ರಥಮ ಸೂತ್ರ. ನಾವು ತಲೆದೂಗಿದೆವು, ಕೇಳಿ ತಲೆದೂಗುವುದು ಸುಲಭ.

ವಿಲಿಯಂ ಕ್ರೀಕು ಬಿಟ್ಟು ಒಂದು ಗಂಟೆಗೆ ಹಿಂದಿನ ಚಕ್ರವೊಂದು ಪಂಕ್ಚರಾಯಿತು. ಬದಲಿ ಚಕ್ರವನ್ನು ಹಾಕಿ ಹೊರಟೆವು. ಇನ್ನೊಂದು ಗಂಟೆ ಕಳೆಯಿತು; ಊಡ್ನಡಾಟಾ ಇನ್ನೂ ನೂರು ಕಿಲೋಮೀಟರು ಇರುವಾಗ ಮುಂದಿನ ಚಕ್ರಕ್ಕೆ ಕಲ್ಲಿನ ಮೊನೆ ನಾಟಿ ಗಾಳಿಯೆಲ್ಲ ಹೋಯಿತು. ಬಂಡಿ ನಿಂತಿತು. ಯಾರೂ ಮಾತನಾಡಲಿಲ್ಲ. ಎರಡನೆಯ ಬದಲಿ ಚಕ್ರವು ಅಡಿಲೇಡಿನ ಷೆಡ್ಡಿನಲ್ಲಿ, ಅದರ ಸ್ಥಳದಲ್ಲಿ ನಮ್ಮ ಹಾಸಿಗೆ ಬಂಡಿಯ ಮೇಲೆ. ಮಗನು ಒಂದು ಮಾತೂ ಆಡದೆ ನೀರಿನ ಡಬ್ಬಗಳನ್ನು ಎಣಿಸಿದನು. ಅವನು ಬೈದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಉಪಗ್ರಹಯಂತ್ರದ ಕೂಗು ಪ್ರಾಣಾಪಾಯಕ್ಕೆ ಮೀಸಲೆಂದೂ, ಚಳಿಗಾಲದಲ್ಲಿ ದಿನಕ್ಕೆ ಕೆಲವಾದರೂ ಬಂಡಿಗಳು ಬರುವುವೆಂದೂ, ಕಾಯುವುದೇ ಸರಿಯೆಂದೂ ಅವನು ಹೇಳಿದನು. ಒಂದು ಗಂಟೆ ಕಾದೆವು. ಎರಡಾಯಿತು. ಹೊತ್ತೇರಿದಂತೆ ನಮಗೆ ಪಶ್ಚಿಮದಲ್ಲಿ ಸ್ಪಷ್ಟವಾಗಿ ನೀರು ಕಂಡಿತು. ದಡದಲ್ಲಿ ಮರಗಳ ಸಾಲು, ನೀರಿನಲ್ಲಿ ಅವುಗಳ ತಲೆಕೆಳಗಾದ ನೆರಳು, ಆಚೆಗೆ ಮನೆಯ ಮಾಡಿನಂತಹದೊಂದು. ಗೋವಳರ ಮನೆ ಇರಬಹುದೆಂದೂ, ಅರ್ಧಗಂಟೆಯ ದಾರಿಯೆಂದೂ ನಿಶ್ಚಯಿಸಿ ನಾವು ಕೋಲು ಹಿಡಿದು ಎದ್ದೆವು. ತಪ್ಪು ನಮ್ಮದು, ಪರಿಹಾರವೂ ನಮ್ಮಿಂದಲೇ ಆಗಲೆಂಬ ಅಭಿಮಾನವು ಒಳಗೆ ಕುದಿಯುತ್ತಿತ್ತು. ಇಪ್ಪತ್ತು ಹೆಜ್ಜೆ ನಡೆದಿದ್ದೆವೇನೋ. ಮಗನು ಓಡಿಬಂದು ಎದುರಿಗೆ ನಿಂತನು.

"ಅಪ್ಪಾ, ನೀವು ಬಂಡಿಯ ನೆರಳು ಬಿಟ್ಟು ಹೋಗಬಾರದು. ಅಲ್ಲಿ ಏನೂ ಇಲ್ಲ."

"ಕಣ್ಣಿಗೆ ಕಾಣುವುದನ್ನು ಇಲ್ಲವೆನ್ನುತ್ತೀಯಾ?"

"ಚಕ್ರದ ವಿಷಯದಲ್ಲಿ ನಿಮ್ಮ ಮಾತು ಕೇಳಿದೆ. ಇದರಲ್ಲಿ ಕೇಳುವುದಿಲ್ಲ."

ಮೂವತ್ತು ವರುಷ ಪಾಠ ಹೇಳಿದವರಿಗೆ, ಅದೂ ಸ್ವಂತ ಮಗನಿಂದ, ಇಂತಹ ಮಾತು ಸಹಜವಾಗಿ ರುಚಿಸದು. ಸಿಟ್ಟಿನಿಂದ ತಿರುಗಿ ಬಂದು ನೆರಳಿನಲ್ಲಿ ಕುಳಿತೆವು. ನಮ್ಮ ಗೃಹಿಣಿಯು ಒಂದು ಲೋಟ ನೀರನ್ನು ಕೈಗಿತ್ತು ಮೆಲ್ಲನೆ, "ಶಾಲೆಯಲ್ಲಿ ಅದಕ್ಕೇನೋ ಹೆಸರು ಹೇಳುತ್ತಿದ್ದಿರಲ್ಲ?" ಎಂದಳು.

ಮತ್ತೆ ಪಶ್ಚಿಮಕ್ಕೆ ನೋಡಿದೆವು. ಸರೋವರವು ಬಲಕ್ಕೆ ಸರಿದಿತ್ತು. ಮರಗಳು ನೆಲವನ್ನು ಬಿಟ್ಟು ಗಾಳಿಯಲ್ಲಿ ತೇಲುತ್ತಿದ್ದುವು. ಸ್ವಲ್ಪ ಹೊತ್ತಿಗೆ ಮಾಡೂ ಇಲ್ಲ, ದಡವೂ ಇಲ್ಲ, ಕೆಂಗಲ್ಲಿನ ಬಯಲು. ಹೆಸರು ನಾಲಗೆಯ ತುದಿಯಲ್ಲಿತ್ತು, ವಿಗ್ರಹವಾಕ್ಯವೂ ಬರುತ್ತಿತ್ತು. ಬರದಿದ್ದುದು ಗುರುತು ಮಾತ್ರ.

ಇಳಿಹೊತ್ತಿಗೆ ಉತ್ತರದಲ್ಲಿ ಧೂಳಿನ ಬಾಲವೊಂದು ಎದ್ದಿತು. ಹಳೆಯ ಬಂಡಿಯಿಂದ ಇಳಿದವನು ಸುಮಾರು ನಮ್ಮ ವಯಸ್ಸಿನವನು, ಊಡ್ನಡಾಟಾ ವಾಸಿ, ಮೂಲನಿವಾಸಿಗಳವನು. ಚಕ್ರವನ್ನು ನೋಡುವ ಮೊದಲು, ಹೆಸರನ್ನು ಕೇಳುವ ಮೊದಲು, ಅವನು ಕೇಳಿದ್ದು ಒಂದೇ: "ನಿಮ್ಮ ಹತ್ತಿರ ನೀರಿದೆಯೆ?" ಇದೆಯೆಂದ ಮೇಲೆ ನಕ್ಕು, ತನ್ನ ಪೆಟ್ಟಿಗೆಯಿಂದ ರಬ್ಬರಿನ ಎಳೆಯನ್ನು ತೆಗೆದು ಚಕ್ರದ ತೂತಿಗೆ ತುರುಕಿ, ಸಣ್ಣ ಯಂತ್ರದಿಂದ ಗಾಳಿ ತುಂಬಿದನು. ಮೊದಲು ಕೆಟ್ಟ ಚಕ್ರವನ್ನೂ ಹಾಗೆಯೇ ಸರಿಪಡಿಸಿದನು. ಹಣವನ್ನು ಮುಟ್ಟಲಿಲ್ಲ. ಕಟಕ ರೊಟ್ಟಿಯನ್ನು ಮಾತ್ರ ಸಂತೋಷದಿಂದ ಸ್ವೀಕರಿಸಿ, ಶೇಂಗಾ ಹಿಂಡಿಯ ಖಾರಕ್ಕೆ ಕಣ್ಣೀರು ಸುರಿಸುತ್ತ ಇನ್ನೊಂದು ತುಂಡು ಕೇಳಿ ತೆಗೆದುಕೊಂಡನು. ನಿಂತ ಬಂಡಿಯನ್ನು ಕಂಡು ನಿಲ್ಲದೆ ಹೋಗುವ ಪದ್ಧತಿಯು ಆ ಹಾದಿಯಲ್ಲಿ ಇಲ್ಲವೆಂದು ಹೇಳಿ, ದಕ್ಷಿಣಕ್ಕೆ ಧೂಳೆಬ್ಬಿಸುತ್ತ ಹೋದನು.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ನೀಲ್ಸ್ ನದಿಯ ಮೇಲಿನ ಆಲ್ಜಿಬಕಿನಾ ಸೇತುವೆಯನ್ನು ಸಂಜೆಯ ಬೆಳಕಿನಲ್ಲಿ ಕಂಡೆವು. ಅರ್ಧ ಕಿಲೋಮೀಟರಿಗೂ ಉದ್ದವಾದ ಆ ಕಬ್ಬಿಣದ ಸೇತುವೆಯು ರೈಲಿಲ್ಲದೆ ನಿಂತಿದೆ. ಕತ್ತಲಾದ ಮೇಲೆ ಊಡ್ನಡಾಟಾ ಸೇರಿದೆವು. 1960ರ ಜನವರಿ 2ರಂದು 50.7 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವು ದಾಖಲೆಯಾದುದು ಇಲ್ಲಿಯೇ. 2022ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆನ್ಸ್ಲೋ ಎಂಬ ಊರು ಅದನ್ನು ಸರಿಗಟ್ಟಿತು. ಚಳಿಗಾಲದ ಎಳೆಬಿಸಿಲಿನಲ್ಲಿಯೇ ನಾವು ಅಷ್ಟು ಭ್ರಮಿಸಿದೆವಾದರೆ ಅಂತಹ ದಿನದ ಗತಿಯೇನು! ಮರುದಿನ ಅಲ್ಲಿ ಹೊಸದೊಂದು ಚಕ್ರವನ್ನು ಕೊಂಡು, ಅದಕ್ಕೆ ಸ್ಥಳ ಮಾಡಲು ಹಾಸಿಗೆಯನ್ನು ನಾವೇ ಇಳಿಸಿ ಅಂಗಡಿಯವರಿಗೆ ಕೊಟ್ಟುಬಿಟ್ಟೆವು. ಮಾರ್ಲಾದವರೆಗೆ ಮತ್ತೆ ಯಾವ ವಿಘ್ನವೂ ಬರಲಿಲ್ಲ.

ಆ ದೇಶದಲ್ಲಿ ಮಕ್ಕಳಿರುವ ವಾಚಕರು ಇಂತಹ ಪ್ರವಾಸವನ್ನು ಅವಶ್ಯವಾಗಿ ಮಾಡಲಿ. ಚಳಿಗಾಲದಲ್ಲಿಯೇ ಹೋಗಬೇಕು, ಹೊರಡುವ ದಿನವನ್ನೂ ಸೇರುವ ದಿನವನ್ನೂ ಒಬ್ಬರಿಗೆ ತಿಳಿಸಿರಬೇಕು, ಹಾದಿ ತೆರೆದಿದೆಯೇ ಎಂದು ವಿಚಾರಿಸಬೇಕು, ಹಾಸಿಗೆಗಿಂತ ಚಕ್ರವೂ ಚಕ್ರಕ್ಕಿಂತ ನೀರೂ ಮುಖ್ಯವೆಂದು ತಿಳಿಯಬೇಕು, ಬಂಡಿ ಕೆಟ್ಟರೆ ಅದರ ನೆರಳನ್ನು ಬಿಡಬಾರದು, ಬಂಡಿ ನಡೆಸುವವನು ಮಗನೇ ಆಗಿದ್ದರೂ ಅವನ ಮಾತನ್ನು ಕೇಳಬೇಕು. ಕೊನೆಯದು ಎಲ್ಲಕ್ಕಿಂತ ಕಠಿಣ.

ನಮ್ಮ ಕಡೆ ಮನೆಗೆ ಬಂದವರ ಮುಂದೆ ಮೊದಲು ನೀರೂ ಬೆಲ್ಲವೂ ಇಡುವುದು ವಾಡಿಕೆ. ಅದನ್ನು ಬರಿಯ ಉಪಚಾರವೆಂದೇ ಈವರೆಗೆ ಎಣಿಸಿದ್ದೆವು. ಧಾರವಾಡಕ್ಕೆ ಮರಳಿದ ಮೇಲೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳವಾದೊಡನೆ ತಂಬಿಗೆಯನ್ನು ತುಂಬಿಸಿ ತರುವ ಕೆಲಸವನ್ನು ನಾವು ನಮ್ಮ ಗೃಹಿಣಿಗೆ ಬಿಡದೆ ನಾವೇ ಮಾಡುತ್ತಿದ್ದೇವೆ.